ವೈನಿಯವರ ಕಾಲಿನ ವಿಚಾರ

ಛತ್ರಪತಿ ಸಂಭಾಜಿನಗರ
5 ಆಗಸ್ಟ್ 2024

ಶ್ರೀ ವಿಶ್ವನಾಥಪ್ಪನವರಿಗೆ ಅರವಿಂದನ ನಮಸ್ಕಾರಗಳು.

ಜುಲೈ ತಿಂಗಳ ಪತ್ರ ನಿಮ್ಮಿಂದ ಬರಲಿಲ್ಲ. ಕಳೆದ ವರ್ಷ ಪುಣೆಯ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ನಾವಿಬ್ಬರೂ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಲಿಕುರ್ಚಿಗಳಲ್ಲಿ ಎದುರುಬದುರು ಕೂತು, ತಿಂಗಳಿಗೊಂದು ಪತ್ರ ಎಂದು ಒಪ್ಪಿದ್ದು ನಿಮಗೆ ನೆನಪಿರಬಹುದು. ಫೋನು ಸಾಲದೇ ಎಂದು ನೀವು ಅಂದೇ ಕೇಳಿದ್ದಿರಿ. ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ಠಸ್ಸೆ ಹೊಡೆದವನಿಗೆ ಆ ಪ್ರಶ್ನೆ ಕೇಳಬಾರದು. ಫೋನಿನಲ್ಲಿ ಮನುಷ್ಯ "ಆರಾಮ" ಎಂದುಬಿಡುತ್ತಾನೆ. ಕಾಗದದ ಮೇಲೆ ಅಷ್ಟೇ ಬರೆದು ಬಿಟ್ಟರೆ ಉಳಿದ ಜಾಗ ನೋಡಿ ಅವನಿಗೇ ನಾಚಿಕೆಯಾಗುತ್ತದೆ.

ನಾನು ಕ್ಷೇಮ. ನಿಮ್ಮ ಮನೆಯವರು ಕೊಟ್ಟ ಮೂತ್ರಪಿಂಡ ನನ್ನೊಳಗೆ ಒಂದು ದಿನವೂ ರಜೆ ಹಾಕದೆ ಕೆಲಸ ಮಾಡುತ್ತಿದೆ. ಪಕ್ಕದ ಮನೆಯ ರಾಧಾಬಾಯಿಗೆ ಮಾತ್ರ ನಮ್ಮ ಈ ವ್ಯವಹಾರ ಇನ್ನೂ ತಲೆಗೆ ಹತ್ತಿಲ್ಲ. ನಿನ್ನೆ ಮತ್ತೆ ಕೇಳಿದರು. ನನ್ನ ರಕ್ತ ಎ, ಅಲಕಾಳದು ಬಿ. ನಿಮ್ಮದು ಬಿ, ರುಕ್ಮಿಣಿಬಾಯಿಯವರದು ಎ. ಹೀಗಾಗಿ ಇಬ್ಬರೂ ಹೆಂಗಸರು ತಮ್ಮ ಗಂಡನಿಗೆ ಕೊಡಲಾಗದ್ದನ್ನು ಇನ್ನೊಬ್ಬಳ ಗಂಡನಿಗೆ ಕೊಟ್ಟು, ತಮ್ಮ ತಮ್ಮ ಗಂಡನನ್ನು ಉಳಿಸಿಕೊಂಡರು ಎಂದು ವಿವರಿಸಿದೆ. ಅವರು ತುಸು ಯೋಚಿಸಿ, "ಅಂದ್ರ ಸಾಟಿ ಲಗ್ನ ಇದ್ದಂಗ, ಹೆಣ್ಣು ಕೊಟ್ಟು ಹೆಣ್ಣು ತಂದಂಗ" ಎಂದರು.

ಚರ್ಮದ ತಪಾಸಣೆ ಮಾಡಿಕೊಳ್ಳುತ್ತಿದ್ದೀರಷ್ಟೆ? ಮೂತ್ರಪಿಂಡವನ್ನು ಮೈ ತಿರಸ್ಕರಿಸದಿರಲೆಂದು ನಾವು ನುಂಗುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ, ಆದ್ದರಿಂದ ಬೇರೆಯವರಿಗೆ ಬಾರದ ಕಲೆ, ಗಂಟು, ಚರ್ಮದ ಕ್ಯಾನ್ಸರ್ ಕೂಡ ನಮ್ಮಂಥವರಿಗೆ ಬರಬಹುದು, ತಿಂಗಳಿಗೊಮ್ಮೆ ಮೈಯೆಲ್ಲ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ನಾನು ರಿಜಿಸ್ಟರ್ ಇಟ್ಟಿದ್ದೇನೆ. ಮಚ್ಚೆಯ ಕ್ರಮಾಂಕ, ಸ್ಥಳ, ಅಳತೆ, ಷರಾ. ಒಟ್ಟು ನಲವತ್ತೊಂದು. ಬೆನ್ನಿನ ಮೇಲಿನವಕ್ಕೆ ಅಲಕಾ ಸಾಕ್ಷಿಯಾಗಿ ಸಹಿ ಹಾಕುತ್ತಾಳೆ. ಕ್ರಮಾಂಕ ಹದಿನೇಳು ಕಳೆದ ತಿಂಗಳು ಕಾಣೆಯಾಗಿತ್ತು. ವಿಚಾರಣೆ ನಡೆಸಿದಾಗ ಅದು ಮೊದಲಿನಿಂದಲೂ ಎಳ್ಳು ಎಂದು ತಿಳಿದುಬಂತು.

ನಿಮ್ಮ,
ಅರವಿಂದ


ನಾಶಿಕ್
2 ಸೆಪ್ಟೆಂಬರ್ 2024

ಅರವಿಂದರಾಯರಿಗೆ ಶರಣು ಶರಣಾರ್ಥಿ.

ತಪ್ಪಾಯಿತು. ಗಣಪತಿ ಹತ್ತಿರ ಬಂದಿದೆ, ಹಿಂದೆಯೇ ಲಗ್ನದ ಸೀರೆಗಳ ಆರ್ಡರು. ಯೇವಲಾದ ನೇಕಾರರ ಬೆನ್ನು ಹತ್ತಿ ಅಂಗಡಿಗೆ ಪೈಠಣಿ ತರಿಸುವುದರಲ್ಲಿ ತಿಂಗಳು ಹೋಯಿತು. ಇನ್ನು ಮುಂದೆ ಪತ್ರವನ್ನು ಅಂಗಡಿಯ ವಿಳಾಸಕ್ಕೇ ಹಾಕಿ. ಮನೆಗೆ ಬಂದರೆ ರುಕ್ಮಿಣಿ ಮೊದಲು ಓದಿ, ನಾನು ಊಟಕ್ಕೆ ಕೂತಾಗ ಒಂದೊಂದೇ ಸಾಲಿನ ಮೇಲೆ ವಾದ ತೆಗೆಯುತ್ತಾಳೆ. ಅಂಗಡಿಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ಮಗ ಬಸವಕುಮಾರನಿಗೆ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಪತ್ರ ಬಿಚ್ಚಿಟ್ಟರೂ ಅದು ತಿಜೋರಿಯಲ್ಲಿಟ್ಟಂತೆಯೇ.

ನಿಮ್ಮ ರಿಜಿಸ್ಟರಿನ ವಿಷಯ ಓದಿ ನಕ್ಕು ನಕ್ಕು ಹೊಲಿಗೆ ಎಳೆಯಿತು. ನನಗೆ ಅಷ್ಟು ಪುರುಸೊತ್ತಿಲ್ಲ. ಅಲಕಾ ವೈನಿಯವರ ಮೂತ್ರಪಿಂಡ ಬಂದಾಗಿನಿಂದ ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತದೆ. ಭಾಲ್ಕಿಯಲ್ಲಿ ಹುಟ್ಟಿ ಐವತ್ತೊಂಬತ್ತು ವರ್ಷ ಚಹಾ ಕುಡಿದವನಿಗೆ ಕಾಫಿ ಬೇಕೆನಿಸುತ್ತದೆ. ಹೀಗೇ ಹೋದರೆ ಮುಂದಿನ ವರ್ಷ ನಾನು ಅವರ ಹಾಗೆ ಧಾರವಾಡದ ಮಾತು ಆಡಿದರೂ ಆಡಿಯೇನು.

ಒಂದು ಸಣ್ಣ ತಲೆನೋವು. ಗಾದಿಯ ಮೇಲೆ ಬರಿಗಾಲಲ್ಲಿ ಕೂತು ವ್ಯಾಪಾರ ಮಾಡುವವನು ನಾನು. ಕಾಲಿಗೆ ಗಾಯವಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಇಲ್ಲಿಯ ರವಿವಾರ ಕಾರಂಜಾ ಪೇಟೆಯ ಒಂದು ಅಂಗಡಿಯಲ್ಲಿ ಕಾಲುಚೀಲ ಕೊಂಡೆ. ಬಣ್ಣ ಬಿಟ್ಟಿದೆ. ಎಡಗಾಲಿನ ಹೆಬ್ಬೆರಳ ಹಿಂದೆ ಒಂದು, ಹಿಮ್ಮಡಿಯ ಮೇಲೊಂದು. ಯೇವಲಾದವರು ವಾಂಗಿ ಎನ್ನುವ ಬಣ್ಣವಿದೆಯಲ್ಲ, ಎಳೆ ಬದನೆಕಾಯಿಯದು, ಸರಿಯಾಗಿ ಅದೇ. ಸೋಪು ಹಚ್ಚಿದೆ, ನಿಂಬೆ ಉಜ್ಜಿದೆ, ಸೀಮೆಎಣ್ಣೆ ಸವರಿದೆ, ಸೊಸೆ ವಿಜಯಶ್ರೀಯ ಉಗುರಿನ ಬಣ್ಣ ತೆಗೆಯುವ ಔಷಧಿಯನ್ನೂ ಕದ್ದು ಹಚ್ಚಿದೆ. ಜಗ್ಗಲಿಲ್ಲ. ರೇಷ್ಮೆಗೂ ಇಷ್ಟು ಪಕ್ಕಾ ಬಣ್ಣ ಕೂರುವುದನ್ನು ನಾನು ಕಂಡಿಲ್ಲ. ಅಂಗಡಿಯವನಿಗೆ ಹೇಳಿದರೆ ನಮ್ಮ ಮಾಲು ಬಣ್ಣ ಬಿಡುವುದೇ ಇಲ್ಲ ಎನ್ನುತ್ತಾನೆ.

ವೈನಿಯವರಿಗೆ ನನ್ನ ಶರಣು.
ವಿಶ್ವನಾಥಪ್ಪ


ಛತ್ರಪತಿ ಸಂಭಾಜಿನಗರ
14 ಅಕ್ಟೋಬರ್ 2024

ಶ್ರೀ ವಿಶ್ವನಾಥಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಕಳವಳವಾಯಿತು. ಗ್ರಾಹಕನಿಗೆ ಬಣ್ಣ ಬಿಡುವ ಕಾಲುಚೀಲ ಕೊಟ್ಟು ಮೇಲೆ ಉದ್ಧಟತನ ತೋರಿಸುವುದನ್ನು ಸುಮ್ಮನೆ ಬಿಡಕೂಡದು. ಗಂಗಾಪುರದ ಅಂಚೆ ಕಚೇರಿಯಲ್ಲಿದ್ದಾಗ ಒಂದು ಕೊಡೆಯ ವಿಷಯದಲ್ಲಿ ನಾನು ಹದಿನಾಲ್ಕು ತಿಂಗಳು ಪತ್ರವ್ಯವಹಾರ ನಡೆಸಿ ಗೆದ್ದಿದ್ದೇನೆ. ಇದರೊಂದಿಗೆ ಮರಾಠಿಯಲ್ಲಿ ಒಂದು ನೋಟೀಸು ಮೂರು ಪ್ರತಿಗಳಲ್ಲಿ ಲಗತ್ತಿಸಿದ್ದೇನೆ. ಒಂದನ್ನು ಅವನಿಗೆ ಕೊಡಿ, ಇನ್ನೊಂದರ ಮೇಲೆ ಅವನ ಸಹಿ ಪಡೆಯಿರಿ, ಮೂರನೆಯದನ್ನು ಕಾಲಿನ ಫೋಟೊದೊಂದಿಗೆ ಇಟ್ಟುಕೊಳ್ಳಿ.

ರಿಜಿಸ್ಟರ್ ನೋಡಿ ನಗಬಾರದು. ಸೆಪ್ಟೆಂಬರ್ ತಪಾಸಣೆ ಮುಗಿದಿದೆ, ಎಲ್ಲ ಮಚ್ಚೆಗಳೂ ತಮ್ಮ ತಮ್ಮ ಸ್ಥಾನದಲ್ಲಿವೆ.

ಇನ್ನೊಂದು ವಿಷಯ ಹೇಳಲು ಸಂಕೋಚ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬೆಳ್ಳುಳ್ಳಿ ಒಳಗೆ ಬಂದಿಲ್ಲ. ಈಗ ನನಗೆ ಬೆಳ್ಳುಳ್ಳಿ ಖಾರದ ವಾಸನೆ ಬಂದರೆ ಕಾಲು ಅತ್ತಲೇ ಎಳೆಯುತ್ತದೆ. ರಾಧಾಬಾಯಿಯವರ ಹಿತ್ತಲ ಬಾಗಿಲಲ್ಲಿ ನಿಂತು ರೊಟ್ಟಿಗೆ ಹಚ್ಚಿಸಿಕೊಂಡು ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತೇನೆ. ರುಕ್ಮಿಣಿಬಾಯಿಯವರು ಬೆಳ್ಳುಳ್ಳಿ ಹೆಚ್ಚು ತಿನ್ನುತ್ತಾರೆಯೇ? ದಯವಿಟ್ಟು ವಿಚಾರಿಸಿ ತಿಳಿಸಿ. ಅಲಕಾಳಿಗೆ ಉತ್ತರ ಕೊಡಲು ನನಗೊಂದು ಆಧಾರ ಬೇಕು.

ನಿಮ್ಮ,
ಅರವಿಂದ


ನಾಶಿಕ್
18 ನವೆಂಬರ್ 2024

ಅರವಿಂದರಾಯರಿಗೆ ಶರಣು.

ರುಕ್ಮಿಣಿ ಹಸಿ ಬೆಳ್ಳುಳ್ಳಿಯನ್ನು ಶೇಂಗಾ ತಿಂದಂತೆ ತಿನ್ನುತ್ತಾಳೆ. ವೈನಿಯವರಿಗೆ ಧೈರ್ಯವಾಗಿ ಹೇಳಿ.

ಕಾಲುಚೀಲದ ಪ್ರಕರಣ ಮುಗಿಯಿತು. ನಿಮ್ಮ ನೋಟೀಸು ಓದಿ ಅವನು ಹೆದರಲಿಲ್ಲ, ಅವಮಾನಪಟ್ಟುಕೊಂಡ. ಅದೇ ಬಣ್ಣದ ಜೋಡಿಯನ್ನು ತಾನೇ ಎಂಟು ದಿನ ಬಿಡದೆ ಹಾಕಿಕೊಂಡು, ಒಂಬತ್ತನೆಯ ದಿನ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಎದುರೇ ಗಾದಿಯ ಮೇಲೆ ಎರಡೂ ಕಾಲು ಚಾಚಿ ತೋರಿಸಿದ. ಸ್ವಚ್ಛ ಕಾಲು. ನನಗೇ ನಾಚಿಕೆಯಾಗಿ ಚಹಾ ತರಿಸಿ ಕುಡಿಸಿ ಕಳಿಸಿದೆ. ಅವನದೇನೂ ತಪ್ಪಿಲ್ಲ.

ಈಗ ಬೇರೆಯೇ ಒಂದು ಮಾತು. ಇದನ್ನು ಯಾರಿಗೂ ಓದಿ ಹೇಳಬೇಡಿ, ಕಾರಣವನ್ನೂ ಕೇಳಬೇಡಿ. ವೈನಿಯವರ ಕಾಲಿನ ಮೇಲೆ, ಮೊಣಕಾಲಿನ ಕೆಳಗೆ, ಏನಾದರೂ ಕಲೆ ಇದೆಯೇ? ಇದ್ದರೆ ಎಡಗಾಲೋ ಬಲಗಾಲೋ? ಎಷ್ಟಿವೆ? ಮುಂಚಿನಿಂದ ಇದ್ದವೋ, ಈಚೆಗೆ ಬಂದವೋ? ಬಹಳ ದಿನದಿಂದ ಇದೊಂದೇ ಯೋಚನೆ ನನ್ನನ್ನು ಕೊರೆಯುತ್ತಿದೆ. ಗಾದಿಯ ಮೇಲೆ ಕೂತರೂ ಅದೇ, ಪೂಜೆಗೆ ಕೂತರೂ ಅದೇ. ಅವರಿಗೆ ತಿಳಿಯದಂತೆ ನೋಡಿ ತಿಳಿಸಿದರೆ ಉಪಕಾರವಾದೀತು.

ವಿಶ್ವನಾಥಪ್ಪ


ಛತ್ರಪತಿ ಸಂಭಾಜಿನಗರ
26 ನವೆಂಬರ್ 2024

ವಿಷಯ: ಕುಟುಂಬದ ಸದಸ್ಯರ ಕಾಲಿನ ಬಗ್ಗೆ ಮಾಹಿತಿ ಕೋರಿಕೆ.
ಉಲ್ಲೇಖ: ತಮ್ಮ ಪತ್ರ, ದಿನಾಂಕ 18 ನವೆಂಬರ್ 2024.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಿಳಿಸುವುದೇನೆಂದರೆ, ತಾವು ಕೋರಿರುವ ಮಾಹಿತಿ ವೈಯಕ್ತಿಕ ಸ್ವರೂಪದ್ದಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ. ಮೂತ್ರಪಿಂಡ ಪಡೆದ ಮಾತ್ರಕ್ಕೆ, ಕೊಟ್ಟವರ ಇತರ ಅಂಗಗಳ ಬಗ್ಗೆ ವಿಚಾರಿಸುವ ಹಕ್ಕು ಪಡೆದವರಿಗೆ ಬರುವುದಿಲ್ಲ. ನಾನು ಇಂದಿನವರೆಗೆ ರುಕ್ಮಿಣಿಬಾಯಿಯವರ ಕೈಯ ಬಗ್ಗೆಯಾಗಲಿ ಕಿವಿಯ ಬಗ್ಗೆಯಾಗಲಿ ಏನನ್ನೂ ವಿಚಾರಿಸಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಬೆಳ್ಳುಳ್ಳಿಯ ಪ್ರಶ್ನೆ ವೈದ್ಯಕೀಯ ಸ್ವರೂಪದ್ದಾಗಿತ್ತು.

ಪೂಜೆಗೆ ಕೂತಾಗ ದೇವರ ಯೋಚನೆ ಮಾಡುವುದು ಉಚಿತ.

ತಮ್ಮ ವಿಶ್ವಾಸಿ,
ಅರವಿಂದ


ನಾಶಿಕ್
9 ಡಿಸೆಂಬರ್ 2024

ಅರವಿಂದರಾಯರಿಗೆ ಶರಣು ಶರಣಾರ್ಥಿ.

ನಿಮ್ಮ ಪತ್ರ ಓದಿ ಕಣ್ಣು ತುಂಬಿತು. ಇಲ್ಲ ಎನ್ನುವುದಾಗಿದ್ದರೆ ಎರಡಕ್ಷರ ಸಾಕಿತ್ತು. ಇಷ್ಟು ಸುತ್ತಿ ಬರೆದಿದ್ದೀರಿ ಎಂದರೆ ಇದೆ ಎಂದೇ ಅರ್ಥ. ವ್ಯಾಪಾರದಲ್ಲಿ ಕೂದಲು ಹಣ್ಣಾದವನು ನಾನು. ಗಿರಾಕಿ ಸೀರೆ ಮಡಚಿಡುವ ರೀತಿ ನೋಡಿಯೇ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಲ್ಲೆ.

ದಯವಿಟ್ಟು ವೈನಿಯವರನ್ನು ಏನೂ ಅನ್ನಬೇಡಿ. ಅವರು ಗೊತ್ತಿದ್ದೂ ಮುಚ್ಚಿಟ್ಟಿರಲಾರರು. ನನ್ನ ಮನಸ್ಸಿನಲ್ಲಿ ಅವರ ಬಗ್ಗೆ ಬೇರೆ ಭಾವನೆ ಬಂದಿಲ್ಲ, ಬರುವುದೂ ಇಲ್ಲ. ಅವರಿಂದ ಬಂದದ್ದು ಏನೇ ಇದ್ದರೂ ಪ್ರಸಾದವೆಂದು ಇಟ್ಟುಕೊಳ್ಳುತ್ತೇನೆ. ರುಕ್ಮಿಣಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇದು ನಮ್ಮ ಮೂವರಲ್ಲೇ ಇರಲಿ.

ಎಡಗಾಲೇ ಇರಬೇಕು ಎಂದು ನನ್ನ ಊಹೆ. ಉತ್ತರ ಬರೆಯದಿದ್ದರೂ ನಡೆದೀತು.

ವಿಶ್ವನಾಥಪ್ಪ


ಛತ್ರಪತಿ ಸಂಭಾಜಿನಗರ
17 ಫೆಬ್ರವರಿ 2025
ಸ್ಪೀಡ್ ಪೋಸ್ಟ್

ವಿಶ್ವನಾಥಪ್ಪನವರೇ,

ಈ ಪತ್ರ ನಿಮ್ಮ ಕೈಗೆ ಬರುವ ಮೊದಲೇ ಅಲಕಾ ರುಕ್ಮಿಣಿಬಾಯಿಯವರಿಗೆ ಫೋನ್ ಮಾಡಿರುತ್ತಾಳೆ. ಆದರೂ ನಾನು ಬರೆಯಬೇಕು.

ನಿಮ್ಮ ಡಿಸೆಂಬರಿನ ಪತ್ರ ಓದಿದ ಮೇಲೆ ನಾನು ಎರಡು ತಿಂಗಳು ಮನೆಯಲ್ಲಿ ಸರಿಯಾಗಿ ಮಾತಾಡಿಲ್ಲ. ಮಚ್ಚೆಗಳ ತಪಾಸಣೆಯನ್ನೂ ನಿಲ್ಲಿಸಿದ್ದೆ. ಅಲಕಾ ಕಾಲು ತೊಳೆಯಲು ಹೋದರೆ ಬಚ್ಚಲ ಬಾಗಿಲು ಮುಚ್ಚುತ್ತಿದ್ದೆ. ಮೊನ್ನೆ ಅವಳು, ಬೆನ್ನಿನ ಮಚ್ಚೆಗಳ ಸಹಿ ಎರಡು ತಿಂಗಳಿನಿಂದ ಬಾಕಿ ಇದೆಯಲ್ಲ ಎಂದು ತಾನೇ ರಿಜಿಸ್ಟರ್ ತೆಗೆದಳು. ನಿಮ್ಮ ಎರಡೂ ಪತ್ರಗಳು ಅದರೊಳಗಿದ್ದವು. ಒಲೆಯ ಮೇಲೆ ಹಾಲಿಟ್ಟು ನಿಂತುಕೊಂಡೇ ಓದಿದಳು. ಮೊದಲು ನಕ್ಕಳು. ಹಾಗೆ ನಕ್ಕಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿ, ನಿಮ್ಮ ಹಳೆಯ ಪತ್ರಗಳನ್ನೆಲ್ಲ ತರಿಸಿ ಕಾಲುಚೀಲದ ಪತ್ರವನ್ನು ಎರಡು ಸಲ ಓದಿದಳು. ಹಾಲು ಉಕ್ಕಿ ಹೋಯಿತು.

"ಅವರು ನನ್ನ ಕಾಲು ಕೇಳ್ಯಾರಂತ ತಿಳಕೊಂಡ್ರೇನು?" ಎಂದಳು. "ತಮ್ಮ ಕಾಲಿಗೆ ಏನೋ ಆಗೇದ. ಅದನ್ನ ಹೇಳಲಿಕ್ಕೆ ಬಾಯಿ ಬರದ ಹಿಂಗ ಬರದಾರ. ನಲವತ್ತೊಂದು ಮಚ್ಚಿ ಎಣಸವ್ರು ನೀವು, ನಿಮಗಿಷ್ಟು ತಿಳೀಲಿಲ್ಲ?"

ಬಣ್ಣ ಬಿಡದ ಕಾಲುಚೀಲ, ಹೋಗದ ಕಲೆ, ನಮ್ಮಿಬ್ಬರ ಗುಳಿಗೆ. ಇವು ಮೂರೂ ನನ್ನ ಮೇಜಿನ ಮೇಲೆಯೇ ಇದ್ದವು. ನಾನು ಮೂರು ಪ್ರತಿಗಳಲ್ಲಿ ನೋಟೀಸು ಬರೆದೆ.

ಅಲಕಾಳ ಕಾಲಿನ ಮೇಲೆ ಏನೂ ಇಲ್ಲ. ಎರಡರ ಮೇಲೂ ಇಲ್ಲ. ದಯವಿಟ್ಟು ಇವತ್ತೇ ಡಾಕ್ಟರ ಬಳಿ ಹೋಗಿ. ನನ್ನನ್ನು ಆಮೇಲೆ ಬೈಯಬಹುದು.

ಅರವಿಂದ


ನಾಶಿಕ್
12 ಮಾರ್ಚ್ 2025

ಅರವಿಂದರಾಯರಿಗೆ ಶರಣು.

ಬೈಯುವುದಕ್ಕೆ ನನಗೆ ಪುರುಸೊತ್ತು ಸಿಗಲಿಲ್ಲ. ಎಲ್ಲರೂ ನನ್ನನ್ನೇ ಬೈಯುತ್ತಿದ್ದರು.

ವೈನಿಯವರ ಫೋನು ಬಂದ ಅರ್ಧ ಗಂಟೆಗೆ ರುಕ್ಮಿಣಿ ರಿಕ್ಷಾ ಹಿಡಿದು ಅಂಗಡಿಗೇ ಬಂದಳು. ಓಝರ್‌ನ ಕಾರ್ಖಾನೆಯ ಎಂಜಿನಿಯರೊಬ್ಬರ ಹೆಂಡತಿ ಮಗಳ ಲಗ್ನಕ್ಕೆ ಸೀರೆ ನೋಡುತ್ತಿದ್ದರು, ಸೆರಗು ಅವರ ಕೈಯಲ್ಲಿತ್ತು. ರುಕ್ಮಿಣಿ ಯಾರನ್ನೂ ನೋಡಲಿಲ್ಲ. ಗಾದಿ ಹತ್ತಿ, ನನ್ನ ಕಾಲು ಹಿಡಿದು, ಚೀಲ ಎಳೆದು ತೆಗೆದಳು. ಏಳು ಕಲೆಗಳಿದ್ದವು. ಎರಡು ಉಬ್ಬಿದ್ದವು. ನೆಲದ ಮೇಲೆ ಕೂತುಬಿಟ್ಟಳು. ಆ ಗಿರಾಕಿ ಹೆಂಗಸೇ ನೀರು ತರಿಸಿ ಕುಡಿಸಿದರು.

ಚರ್ಮದ ಡಾಕ್ಟರು ಕಲೆಯ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಕಾಪೋಸಿ ಸಾರ್ಕೋಮಾ. ಒಂದು ಬಗೆಯ ಕ್ಯಾನ್ಸರ್. ನಾವು ಭಯಪಡಲು ಅದೊಂದೇ ಸಾಕಾಗಿತ್ತು. ವಿಜಯಶ್ರೀ ಮೊಬೈಲಿನಲ್ಲಿ ಹುಡುಕಿ, ಓದುತ್ತ ಓದುತ್ತ ಮುಖ ಕೆಂಪು ಮಾಡಿಕೊಂಡು ಒಳಗೆ ಹೋದಳು. ಈ ರೋಗ ಹೆಚ್ಚಾಗಿ ಎಚ್‌ಐವಿ ಇದ್ದವರಿಗೆ ಬರುತ್ತದೆ ಎಂದು ಅದರಲ್ಲಿ ಇತ್ತಂತೆ. ಮೂರು ದಿನ ಮನೆಯಲ್ಲಿ ಯಾರೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಾಲ್ಕನೆಯ ದಿನ ರುಕ್ಮಿಣಿ ರೊಟ್ಟಿ ತಟ್ಟುತ್ತ, ತಲೆ ಎತ್ತದೆ ಕೇಳಿದಳು.

"ತೊಂಬತ್ನಾಕರಾಗ ಸೂರತ್‌ಗೆ ಎಂಟ್ ದಿನ ಹೋಗಿದ್ರಿ. ಯಾತಕ್ಕ ಹೋಗಿದ್ರಿ?"

"ಜರಿ ತರ್ಲಾಕ."

"ಜರಿ ತರ್ಲಾಕ ಎಂಟ್ ದಿನ ಬೇಕೇನ್ರಿ?"

ಮೂವತ್ತೊಂದು ವರ್ಷದ ಹಿಂದಿನ ಎಂಟು ದಿನಗಳ ಲೆಕ್ಕ ಕೊಡಲು ಕೂತರೆ ನನಗೆ ಆರೇ ದಿನ ನೆನಪಾದವು. ಮಿಕ್ಕ ಎರಡು ದಿನ ನಾನು ಎಲ್ಲಿದ್ದೆ ಎಂದು ಈಗಲೂ ಹೊಳೆಯುತ್ತಿಲ್ಲ. ಮಳೆ ಇತ್ತೆಂದು ಕಾಣುತ್ತದೆ. ಪುಣ್ಯಕ್ಕೆ ಮರುದಿನ ರಿಪೋರ್ಟ್ ಬಂತು. ಎಚ್‌ಐವಿ ಇಲ್ಲ. ರುಕ್ಮಿಣಿ ಆ ಕಾಗದವನ್ನು ಹಿಡಿದು ತನ್ನ ತಂಗಿ ನೀಲಾಂಬಿಕಾಳ ಮನೆಗೆ ಹೋಗಿ ತೋರಿಸಿ ಬಂದಳು. ಅವರಿಗೆ ರೋಗದ ವಿಷಯವೇ ಗೊತ್ತಿರಲಿಲ್ಲ.

ಮೂತ್ರಪಿಂಡದ ಡಾಕ್ಟರು ಶರ್ಮಿಳಾ ನಮ್ಮೆಲ್ಲರನ್ನೂ ಕೂರಿಸಿ ತಿಳಿಸಿ ಹೇಳಿದರು. ವೈನಿಯವರ ಮೂತ್ರಪಿಂಡವನ್ನು ಹೊರಗಿನದೆಂದು ಹೊಡೆಯದಿರಲಿ ಎಂದು ನನ್ನ ಮೈಯ ಕಾವಲುಗಾರನನ್ನು ಗುಳಿಗೆ ಕೊಟ್ಟು ಮಲಗಿಸಿದ್ದಾರೆ. ಅವನು ಮಲಗಿದ್ದು ನೋಡಿ, ಎಷ್ಟೋ ವರ್ಷದಿಂದ ಮೂಲೆಯಲ್ಲಿ ಸುಮ್ಮನಿದ್ದ ಒಂದು ವೈರಾಣು ಎದ್ದು ಓಡಾಡಿದೆ. ಎಚ್‌ಐವಿ ಇದ್ದವರಲ್ಲಿಯೂ ಕಾವಲುಗಾರ ಸೋತಿರುತ್ತಾನೆ, ಅದಕ್ಕೇ ಅಲ್ಲಿಯೂ ಇದು ಕಾಣುತ್ತದೆ. ಅದು ಮೊದಲೇ ನನ್ನಲ್ಲಿತ್ತೋ ಮೂತ್ರಪಿಂಡದ ಜೊತೆ ಬಂತೋ ಈಗ ಹೇಳಲು ಬಾರದು, ಕೇಳಿ ಪ್ರಯೋಜನವೂ ಇಲ್ಲ ಎಂದರು. ವೈನಿಯವರ ಕಾವಲುಗಾರ ಎಚ್ಚರವಾಗಿದ್ದಾನೆ, ಅವರು ಹೆದರಬೇಕಾಗಿಲ್ಲ ಎಂದೂ ಹೇಳಿದರು. ಸ್ಕ್ಯಾನ್ ಮಾಡಿದ್ದಾರೆ. ಒಳಗೆ ಎಲ್ಲೂ ಹಬ್ಬಿಲ್ಲ, ಚರ್ಮದಲ್ಲಷ್ಟೇ ಇದೆ.

ಔಷಧಿ ಸರಳ. ಕಾವಲುಗಾರನನ್ನು ಅರ್ಧ ಎಬ್ಬಿಸುವುದು. ಈಗಿನ ಗುಳಿಗೆ ತಗ್ಗಿಸಿ ಬೇರೊಂದನ್ನು ಶುರು ಮಾಡಿದರೆ ಕಲೆಗಳು ತಾವಾಗಿ ಆರುವ ಸಂಭವ ಹೆಚ್ಚು. ಆದರೆ ಎದ್ದವನು ಮೂತ್ರಪಿಂಡವನ್ನೇ ಹೊಡೆದರೂ ಹೊಡೆದಾನು. ಅದು ಹೋದರೆ ಮತ್ತೆ ವಾರಕ್ಕೆ ಮೂರು ದಿನ ಡಯಾಲಿಸಿಸ್.

ಎಲ್ಲರೂ ಈಗಲೇ ಶುರು ಮಾಡಿ ಎಂದರು. ನಾನು ಒಂದು ವಾರ ಕೇಳಿದೆ. ರಾಯರೇ, ಆ ಮೂತ್ರಪಿಂಡ ನಾನು ಗಳಿಸಿದ್ದಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಹೆಣ್ಣುಮಗಳು ಹೊಟ್ಟೆ ಕೊಯ್ಯಿಸಿಕೊಂಡು ಕೊಟ್ಟದ್ದು. ನನ್ನ ಕಾಲಿನ ಏಳು ಕಲೆಗೆ ಅದನ್ನು ಪಣಕ್ಕಿಡುವ ಮೊದಲು ಅವರನ್ನು ಕೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಫೋನಿನಲ್ಲಿ ಕೇಳಿದರೆ ಅವರು ದಾಕ್ಷಿಣ್ಯಕ್ಕೆ ಹೂಂ ಎಂದಾರು. ಈ ಪತ್ರ ಓದಿ ಹೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆಯಿರಿ.

ವಿಶ್ವನಾಥಪ್ಪ


ಛತ್ರಪತಿ ಸಂಭಾಜಿನಗರ
15 ಮಾರ್ಚ್ 2025
ಸ್ಪೀಡ್ ಪೋಸ್ಟ್

ವಿಶ್ವನಾಥಪ್ಪನವರಿಗೆ,

ಓದಿ ಹೇಳಿದೆ. ಅವಳು ಅಂದದ್ದು ಇಷ್ಟು. ಅಂದ ಹಾಗೇ ಬರೆಯುತ್ತಿದ್ದೇನೆ.

"ಮನಷ್ಯಾ ಉಳೀಲಿ ಅಂತ ಕೊಟ್ಟೀನಿ. ಕಿಡ್ನಿ ಉಳದು ಮನಷ್ಯಾ ಹೋದ್ರ ನಾ ಅದನ್ನ ತಗೊಂಡು ಏನು ಮಾಡ್ಲಿ? ನಾಳೆನ ಗುಳಿಗಿ ಬದ್ಲಿ ಮಾಡ್ಸರಿ ಅಂತ ಬರೀರಿ. ಇನ್ನೊಮ್ಮೆ ನನ್ನ ಕೇಳಬ್ಯಾಡ್ರಿ ಅಂತನೂ ಬರೀರಿ."

ಇಷ್ಟು ಹೇಳಿ ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದಾಗ ಸೊಪ್ಪು ಸೋಸುತ್ತಿದ್ದಳು. ಒಳ್ಳೆಯ ಸೊಪ್ಪನ್ನು ಕಸದಲ್ಲಿ ಹಾಕಿ ಕಡ್ಡಿಯನ್ನು ಪಾತ್ರೆಯಲ್ಲಿ ಹಾಕುತ್ತಿದ್ದಳು.

ಈಗ ನನ್ನ ಮಾತು. ಇದು ಅಲಕಾಳಿಗೂ ಗೊತ್ತಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಆಸ್ಪತ್ರೆಯವರು ನಮ್ಮ ಕಡೆಯ ಒಪ್ಪಿಗೆ ಪತ್ರವನ್ನು ಕಳಿಸಿದ್ದರು. ಅಲಕಾ ಅದೇ ದಿನ ಸಹಿ ಮಾಡಿದಳು. ನಾನು ಆರು ವಾರ ಮಾಡಲಿಲ್ಲ. ಕಾಗದಪತ್ರ ಪರಿಶೀಲಿಸುತ್ತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಪರಿಶೀಲಿಸಲು ಏನೂ ಇರಲಿಲ್ಲ. ನನ್ನ ಹೆಂಡತಿಯ ಮೈಯ ಒಂದು ಭಾಗ ಪರಪುರುಷನ ಮೈಯಲ್ಲಿ ಇರುತ್ತದಲ್ಲ ಎಂಬುದೊಂದೇ ನನಗೆ ನುಂಗಲಾಗದೆ ಇದ್ದದ್ದು. ಆ ಆರು ವಾರಗಳಲ್ಲಿ ನಿಮಗೆ ಶ್ವಾಸಕೋಶದಲ್ಲಿ ನೀರು ತುಂಬಿ ಐಸಿಯುಗೆ ಸೇರಿಸಿದ್ದರು ಎಂದು ಆಮೇಲೆ ತಿಳಿಯಿತು. ನನಗೆ ಸಿಗಬೇಕಾದದ್ದೂ ಅದೇ ಕಾಗದದಿಂದ ಸಿಗಬೇಕಾಗಿತ್ತು, ಆದರೂ ತಡೆಹಿಡಿದೆ. ಈ ಸಲ ಎರಡು ತಿಂಗಳು. ಒಂದೇ ತಪ್ಪನ್ನು ಎರಡು ಸಲ ಮಾಡಿದ್ದೇನೆ, ಎರಡೂ ಸಲ ನಿಮಗೇ.

ಇದನ್ನು ಓದಿ ನೀವು ಪತ್ರ ನಿಲ್ಲಿಸಿದರೆ ನಾನು ಕಾರಣ ಕೇಳುವುದಿಲ್ಲ.

ಅರವಿಂದ


ಛತ್ರಪತಿ ಸಂಭಾಜಿನಗರ
2 ಮೇ 2025
(ಪೋಸ್ಟ್ ಕಾರ್ಡ್)

ವಿಶ್ವನಾಥಪ್ಪನವರೇ, ಕಾರಣ ಕೇಳುವುದಿಲ್ಲ ಎಂದು ಬರೆದಿದ್ದೆ. ಕೇಳುತ್ತಿದ್ದೇನೆ. ಏಪ್ರಿಲ್ ಕಳೆಯಿತು. ಅಲಕಾ ಫೋನ್ ಮಾಡಿದರೆ ರುಕ್ಮಿಣಿಬಾಯಿಯವರು "ಆರಾಮ" ಎಂದಷ್ಟೇ ಹೇಳಿ ಇಡುತ್ತಾರಂತೆ. ಅಂಚೆಯವನು ನಮ್ಮ ಓಣಿಗೆ ಬರುವುದನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದಾನೆ, ನಾನು ದಿನಾ ಅವನ ಚೀಲ ತಡಕುತ್ತೇನೆಂದು. ಸಿಟ್ಟಿದ್ದರೆ ಸಿಟ್ಟಿನ ಪತ್ರವನ್ನೇ ಬರೆಯಿರಿ. ಅ.


ನಾಶಿಕ್
11 ಜೂನ್ 2025

ಅರವಿಂದರಾಯರಿಗೆ ಶರಣು ಶರಣಾರ್ಥಿ.

ಸಿಟ್ಟಲ್ಲ. ನಿಮ್ಮ ಕಾರ್ಡು ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ.

ವೈನಿಯವರ ಮಾತು ಓದಿದ ಮರುದಿನವೇ ಗುಳಿಗೆ ಬದಲಾಯಿತು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಕ್ರಿಯಾಟಿನಿನ್ ಏರತೊಡಗಿತು. ಕಾವಲುಗಾರ ಅರ್ಧ ಎದ್ದವನು ನೆಟ್ಟಗೆ ಮೂತ್ರಪಿಂಡದ ಕಡೆಗೇ ನಡೆದಿದ್ದ. ಕಾಲು ಬಾತವು, ಮುಖ ಬಾತಿತು, ಹನ್ನೆರಡು ದಿನ ಒಳಗಿದ್ದೆ. ಐದನೆಯ ದಿನ ಡಾಕ್ಟರು ಹೊರಗೆ ಬಸವಕುಮಾರನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುವುದು ಕೇಳಿಸಿತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ವೈನಿಯವರಿಗೆ ಹೇಳಬೇಡ ಎಂದು ರುಕ್ಮಿಣಿಗೆ ಆಣೆ ಹಾಕಿದ್ದು ನಾನೇ. ಅವರು ಒಮ್ಮೆ ಧೈರ್ಯ ಕೊಟ್ಟಾಗಿದೆ, ಮತ್ತೆ ಕೇಳಬಾರದು ಎಂದಿದ್ದಾರೆ. ಮೂತ್ರಪಿಂಡ ಉಳಿಯದಿದ್ದರೆ ಏನೆಂದು ಬರೆಯಲಿ ಎಂದು ಯೋಚಿಸಿ ಯೋಚಿಸಿ, ಮೊದಲ ಸಾಲು ಕೂಡ ಹೊಳೆಯಲಿಲ್ಲ. ಶರ್ಮಿಳಾ ಅವರು ಪ್ರಮಾಣ ಹೆಚ್ಚು ಕಡಿಮೆ ಮಾಡುತ್ತ ಹೋದರು. ಒಂಬತ್ತನೆಯ ದಿನ ಕ್ರಿಯಾಟಿನಿನ್ ಇಳಿಯಿತು. ಈಗ ಒಂದೂವರೆಗೆ ನಿಂತಿದೆ.

ಕಲೆಗಳು ಆರುತ್ತಿವೆ. ಮೊದಲು ವಾಂಗಿ ಬಣ್ಣ ಹೋಗಿ ತುಕ್ಕಿನ ಬಣ್ಣವಾಯಿತು, ಈಗ ಚೆಲ್ಲಿದ ಚಹಾ ಒಣಗಿದ ಹಾಗಿದೆ. ಉಬ್ಬಿದ್ದವು ತಗ್ಗಿವೆ. ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಮತ್ತೆ ಬಂದರೂ ಬರಬಹುದು ಎಂದಿದ್ದಾರೆ. ಹೊಸ ಗುಳಿಗೆಯಿಂದ ಬಾಯಿಯಲ್ಲಿ ಹುಣ್ಣು. ಭಾಲ್ಕಿಯವನು ಎರಡು ತಿಂಗಳಿನಿಂದ ಮೊಸರನ್ನ ತಿನ್ನುತ್ತಿದ್ದೇನೆ. ಇದಕ್ಕೆ ವೈನಿಯವರೇ ಕಾರಣ ಎಂದು ಮನೆಯವರ ನಿರ್ಣಯ.

ಆ ಆರು ವಾರಗಳ ವಿಷಯ. ನನಗೆ ಅಂದೇ ಗೊತ್ತಿತ್ತು. ಕಾಗದ ಯಾರ ಮೇಜಿನ ಮೇಲೆ ನಿಂತಿದೆ ಎಂದು ಆಸ್ಪತ್ರೆಯವರೇ ಹೇಳಿದ್ದರು. ಬಸವಕುಮಾರ ನಿಮ್ಮ ಮನೆಗೆ ಬಂದು ಕೇಳುತ್ತೇನೆಂದು ಹೊರಟು ನಿಂತಿದ್ದ. ರುಕ್ಮಿಣಿ ತಡೆದಳು. "ಅವರಾಗೇ ಹೂಂ ಅಂಬೋತನಾ ಕಾಯೂಣು. ಒತ್ತಾಯ ಮಾಡಿ ತಗೊಂಡಿದ್ದು ಮೈಗ ಹತ್ತಂಗಿಲ್ಲ" ಎಂದಳು. ನಾನು ಐಸಿಯುನಲ್ಲಿ ನಿಮ್ಮನ್ನು ಬೈದದ್ದು ಸುಳ್ಳಲ್ಲ. ಗಾಲಿಕುರ್ಚಿಯಲ್ಲಿ ಎದುರು ಕೂತು ನೀವು ಪತ್ರದ ಮಾತು ತೆಗೆದಾಗ, ಈ ಮನುಷ್ಯನಿಗೆ ಕಾಗದದ ಮೇಲೆ ಇಷ್ಟು ಪ್ರೀತಿ ಇದ್ದರೆ ಒಂದು ಸಹಿಗೆ ಆರು ವಾರ ಯಾಕೆ ಬೇಕಾಯಿತು ಎಂದು ಕೇಳಬೇಕೆಂದಿದ್ದೆ. ಮಾಸ್ಕ್ ಇತ್ತು, ಉಳಿಯಿತು. ಇನ್ನು ಕೇಳುವುದಿಲ್ಲ. ನೀವೂ ಬಿಡಿ.

ಮುಂದಿನ ತಿಂಗಳು ನಾಗಪುರದಲ್ಲಿ ಡಾಕ್ಟರುಗಳ ಒಂದು ಸಭೆ ಇದೆ. ಇಂಥ ಕಲೆ ಅಪರೂಪ, ನೋಡಿದ್ದವರಿದ್ದರೆ ಇನ್ನೊಬ್ಬರಿಗೆ ಬೇಗ ಗೊತ್ತಾದೀತು, ನಿಮ್ಮ ಕಾಲಿನ ಫೋಟೊ ಅಲ್ಲಿ ತೋರಿಸಬಹುದೇ ಎಂದು ಶರ್ಮಿಳಾ ಕೇಳಿದರು. ಒಪ್ಪಿದೆ. ಫೋಟೊ ತೆಗೆಯುವ ಹಿಂದಿನ ದಿನ ರುಕ್ಮಿಣಿ ನನ್ನ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿ, ಉಗುರು ಕತ್ತರಿಸಿದಳು. ಹಿಮ್ಮಡಿ ಒಡೆದದ್ದನ್ನು ನಾಗಪುರದವರು ನೋಡಿದರೆ ಮನೆಯವಳ ಬಗ್ಗೆ ಏನೆಂದುಕೊಂಡಾರು ಎಂದು ಅವಳ ಚಿಂತೆ.

ಸಹಿ ಮಾಡುವ ಕಾಗದ ಇಂಗ್ಲಿಷಿನಲ್ಲಿತ್ತು. ವಿಜಯಶ್ರೀ ಓದಿ ಹೇಳಿದಳು. ರೋಗಿ, ಅರವತ್ತೊಂದು ವರ್ಷದ ಗಂಡಸು, ಬಟ್ಟೆ ವ್ಯಾಪಾರಿ. ಹೆಸರು ಬೇಡ ಎಂದಿದ್ದೆ, ಹಾಕಿರಲಿಲ್ಲ. ಮುಂದಿನ ಸಾಲು, ಮೂತ್ರಪಿಂಡ ಕೊಟ್ಟವರು, ಸಂಬಂಧವಿಲ್ಲದ ಹೆಂಗಸು.

ನಾನು ಪೆನ್ನು ಕೆಳಗಿಟ್ಟೆ. ಇದು ಸರಿಯಿಲ್ಲ, ತೆಗೆಯಿರಿ ಎಂದೆ. ಅದು ಡಾಕ್ಟರಿ ಭಾಷೆ, ರಕ್ತಸಂಬಂಧ ಇಲ್ಲ ಎಂದಷ್ಟೇ ಅರ್ಥ ಎಂದು ಶರ್ಮಿಳಾ ತಿಳಿಸಿ ಹೇಳಿದರು. ಅರ್ಥ ಏನೇ ಇರಲಿ, ನನ್ನ ಕಾಲಿನ ಫೋಟೊದ ಕೆಳಗೆ ಆ ಮಾತು ಬೇಡ ಎಂದೆ. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ವಿಜಯಶ್ರೀ ನನ್ನ ಅಂಗಿಯ ತೋಳು ಜಗ್ಗುತ್ತಿದ್ದಳು. ಕೊನೆಗೆ ಡಾಕ್ಟರು ಪೆನ್ನು ಬಿಚ್ಚಿ, ಸರಿ, ಹಾಗಾದರೆ ಏನೆಂದು ಬರೆಯಲಿ, ನೀವೇ ಹೇಳಿ ಎಂದು ಮರಾಠಿಯಲ್ಲಿ ಕೇಳಿದರು. ಗಂಡಿನ ಕಡೆ ಹೆಣ್ಣಿನ ಕಡೆ ಎಲ್ಲ ಸಂಬಂಧಗಳನ್ನೂ ತಡಕಿ ನೋಡಿದೆ.

"ಅವರ ವೈನಿ ಅಂತ ಬರೀರಿ" ಎಂದಳು ಪಕ್ಕದಲ್ಲಿ ಕೂತಿದ್ದ ರುಕ್ಮಿಣಿ.

ಡಾಕ್ಟರಿಗೆ ಆ ಮಾತು ತಿಳಿಯಿತು, ಮರಾಠಿಯಲ್ಲೂ ಅಣ್ಣನ ಹೆಂಡತಿಗೆ ಅದೇ ಅಲ್ಲವೇ. ಆಮೇಲೆ ಆ ಸಾಲು ಹೊಡೆದು ಹಾಕಿ, ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಬರೆದರು. ನಾನು ಸಹಿ ಮಾಡಿದೆ.

ವಿಶ್ವನಾಥಪ್ಪ